ಹೊಸತೊಡಕಿನ ದಿನ ಕೊಪ್ಪಕ್ಕೆ

ಕೆಂಚಿ ಅನ್ನ ಬಿಟ್ಟಾಗ ಯುಗಾದಿಗೆ ಇನ್ನು ಹತ್ತೇ ದಿನ ಉಳಿದಿತ್ತು. ಕಟ್ಟೆಮಳಲವಾಡಿಯ ಸಿದ್ದಯ್ಯನವರ ಮನೆಯಲ್ಲಿ ನಾಯಿಯ ಹೊಟ್ಟೆಯ ಬಗ್ಗೆ ಯೋಚಿಸುವಷ್ಟು ಪುರುಸೊತ್ತು ಆಗ ಯಾರಿಗೂ ಇರಲಿಲ್ಲ. ಗೋಡೆಗೆ ಸುಣ್ಣ ಆಗಬೇಕಿತ್ತು, ಕಂಬಳಿ ಹೊದಿಕೆಗಳನ್ನು ಹೊಳೆಗೆ ಹೊತ್ತು ಒಗೆದು ತರಬೇಕಿತ್ತು, ಹಿತ್ತಲಲ್ಲಿರುವ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನನ್ನು ಗುಡಿಸಿ, ಹರಾಜಿಗೆ ಹೋಗದೆ ಉಳಿದ ಪುಡಿ ಕಡ್ಡಿಯನ್ನೆಲ್ಲ ಮೂಟೆ ಕಟ್ಟಬೇಕಿತ್ತು. ನಾಯಿಯ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿದಿದ್ದನ್ನು ಕಂಡವಳು ಸೊಸೆ ಪವಿತ್ರಾ ಒಬ್ಬಳೇ.

ಅವಳು ಕಾಣದೆ ಇನ್ಯಾರು ಕಾಣಬೇಕು. ಕೆಂಚಿ ಅವಳ ತವರಿನ ನಾಯಿ. ಸಾಲಿಗ್ರಾಮದಲ್ಲಿ ಅವಳ ತಾಯಿ ಸಾಕಿದ್ದು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ, ತಿಥಿ ಮುಗಿದ ಮಾರನೆಯ ದಿನವೇ ಅಣ್ಣ ಅತ್ತಿಗೆ ಪಾತ್ರೆ, ಮಂಚ, ಬೀರು ಎಲ್ಲಕ್ಕೂ ಒಂದು ದಾರಿ ಮಾಡಿದರು. ನಾಯಿ ಮಾತ್ರ ಯಾರಿಗೂ ಬೇಡವಾಗಿತ್ತು. ಪವಿತ್ರಾ ಗಂಡನ ಟಾಟಾ ಏಸ್ ಗಾಡಿಯಲ್ಲಿ ಅದನ್ನು ಕೂರಿಸಿಕೊಂಡು ಬಂದಳು. ತಾಯಿಯದೆಂದು ಅವಳ ಪಾಲಿಗೆ ಉಳಿದದ್ದು ಈ ಕೆಂಚು ಬಣ್ಣದ ಹೆಣ್ಣು ನಾಯಿ ಒಂದೇ. ಅದು ಬಂದು ಎರಡು ವರ್ಷವಾದರೂ ಅತ್ತೆ ಸಾಕಮ್ಮ ಅದನ್ನು ಹೆಸರು ಹಿಡಿದು ಕರೆದವರಲ್ಲ. ಅವರ ಬಾಯಲ್ಲಿ ಅದು ಯಾವಾಗಲೂ ‘ನಿನ್ ನಾಯಿ’.

“ನಿನ್ ನಾಯಿ ಮೈಯೆಲ್ಲ ಉಣ್ಣೆಹುಳ ಕಣವ್ವ,” ಎಂದರು ಸಾಕಮ್ಮ, ಸುಣ್ಣದ ಕುಂಚ ಕೈಯಲ್ಲಿ ಹಿಡಿದೇ. “ಬಳ್ದ ಗೋಡೆ ಮ್ಯಾಲೂ ಅತ್ಕಂಡವೆ. ಅಬ್ಬಕ್ಕೆ ಅಳೀಮಯ್ಯ ಬರೋವೊತ್ಗೆ ಒಂದೂ ಕಣ್ಣಿಗ್ ಬೀಳ್ಬಾರ್ದು.”

“ದಿನಾ ಕೀಳ್ತಾನೇ ಇದೀನಿ ಅತ್ತೆ. ಅದಕ್ಕೆ ಜ್ವರ ಬಂದದೆ. ಡಾಕ್ಟ್ರಿಗೆ ತೋರಿಸ್ಬೇಕು.”

“ನಂಗೂ ವರ್ಸದಿಂದ ಮಂಡಿ ನೋವು. ನನ್ನ ಯಾರ್ ತೋರ್ಸವ್ರೆ?”

ಈ ಪ್ರಶ್ನೆ ಕೇಳಿಸಬೇಕಾದದ್ದು ಮಗ ಯತೀಶನಿಗೆ. ಅವನು ಗಾಡಿಗೆ ಬಾಳೆಕಾಯಿ ಗೊನೆ ತುಂಬುತ್ತಿದ್ದವನು, “ಅಬ್ಬ ಮುಗೀಲಿ, ನೋಡಣ,” ಎಂದ. ಅವ್ವನ ಮಂಡಿಗೂ ಹೆಂಡತಿಯ ನಾಯಿಗೂ ಅವನ ಹತ್ತಿರ ಇದ್ದದ್ದು ಅದೊಂದೇ ಔಷಧಿ.

ಯುಗಾದಿ ಗುರುವಾರ ಬಿತ್ತು. ಶುಕ್ರವಾರ ಹೊಸತೊಡಕು, ಶನಿವಾರ ರಂಜಾನ್ ರಜೆ, ಆಮೇಲೆ ಭಾನುವಾರ. ಸಾಲಾಗಿ ನಾಲ್ಕು ದಿನ ಸ್ಕೂಲಿಲ್ಲ ಎಂದು ಐದನೇ ಕ್ಲಾಸಿನ ಮಗಳು ಚಿನ್ನು ಕುಣಿದಳು. ಪವಿತ್ರಾ ಹುಣಸೂರಿನ ದನದ ಡಾಕ್ಟರಿಗೆ ಫೋನು ಮಾಡಿದಳು. ಅವರು ಹಬ್ಬಕ್ಕೆ ತಮ್ಮ ಊರಿಗೆ ಹೊರಟಿದ್ದರು, ಸೋಮವಾರ ಬಂದು ನೋಡುತ್ತೇನೆ ಎಂದರು. ಸಾಲಿಗ್ರಾಮದ ಗೆಳತಿಯೊಬ್ಬಳು, ಕೊಪ್ಪದಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ನಾಯಿಗಳನ್ನು ಚೆನ್ನಾಗಿ ನೋಡುತ್ತಾರೆ ಎಂದು ನಂಬರು ಕೊಟ್ಟಳು. ಕೊಪ್ಪ ಎಂದರೆ ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಬೈಲಕುಪ್ಪೆಯ ಪಕ್ಕ. ನಾಯಿಗೋಸ್ಕರ ಅಷ್ಟು ದೂರ ಹೋಗುತ್ತೇನೆ ಎಂದರೆ ನಗುತ್ತಾರೆ ಎಂದು ಪವಿತ್ರಾ ನಂಬರು ಬರೆದಿಟ್ಟುಕೊಂಡು ಸುಮ್ಮನಾದಳು.

ಹಬ್ಬದ ಬೆಳಿಗ್ಗೆ ಎಲ್ಲರಿಗೂ ಎಣ್ಣೆನೀರು ಆಯಿತು. ಪವಿತ್ರಾ ಒಬ್ಬಟ್ಟಿನ ಹೂರಣ ರುಬ್ಬುತ್ತಾ ಕಿಟಕಿಯಿಂದ ನೋಡಿದರೆ, ಮಾವ ಸಿದ್ದಯ್ಯ ಬ್ಯಾರನ್ನಿನ ಮುಂದೆ ಬಕೆಟ್ ಇಟ್ಟುಕೊಂಡು ಕೆಂಚಿಗೆ ನೀರು ಹಾಕುತ್ತಿದ್ದರು. ಬೆನ್ನು, ಹೊಟ್ಟೆ, ಕಿವಿಯ ಸಂದಿ, ಎಲ್ಲಾ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಸುತ್ತಲ ಊರಿನವರು ಎತ್ತಿಗೆ ಹೇನು ಬಿದ್ದರೆ, ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ ಬರುವುದು ಸಿದ್ದಯ್ಯನ ಹತ್ತಿರ. ನಲವತ್ತು ವರ್ಷದ ಕೈಗುಣ. ಯಾವುದಕ್ಕೆ ಏನು ಬೆರೆಸುತ್ತಾರೆ ಎಂದು ಅವರು ಹೇಳುವವರೂ ಅಲ್ಲ, ಯಾರೂ ಕೇಳುವವರೂ ಅಲ್ಲ.

“ಏನ್ ತಾತ, ಕೆಂಚಿಗೂ ಎಣ್ಣೆನೀರಾ?” ಎಂದು ಚಿನ್ನು ಕೇಳಿದ್ದು ಒಳಗೂ ಕೇಳಿಸಿತು.

“ಅಬ್ಬ ಅಂದ್ಮೇಲೆ ಅವ್ಳಿಗೂ ಅಬ್ಬವೇ ಕಣ್ ಮಗ.”

ಪವಿತ್ರಾಳ ಕಣ್ಣು ತುಂಬಿತು. ಈ ಮನೆಯಲ್ಲಿ ಕೆಂಚಿಯನ್ನು ‘ಅವಳು’ ಎಂದ ಎರಡನೆಯ ಮನುಷ್ಯ ಮಾವ. ಮಧ್ಯಾಹ್ನ ಅವರ ಎಲೆಗೆ ಮೊದಲ ಒಬ್ಬಟ್ಟು ಬಡಿಸಿ, ಕೇಳದಿದ್ದರೂ ಇನ್ನೊಂದು ಚಮಚ ತುಪ್ಪ ಹಾಕಿದಳು.

ಊಟ ಮುಗಿಸಿ ಎಲೆ ಎತ್ತುವ ಹೊತ್ತಿಗೆ ಕೆಂಚಿ ಜೊಲ್ಲು ಸುರಿಸುತ್ತಿತ್ತು. ಹಗ್ಗದಂತೆ ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ಕಾಲು ನಡುಗಿ, ಎರಡು ಹೆಜ್ಜೆ ಇಟ್ಟು, ಪಕ್ಕಕ್ಕೆ ವಾಲಿ ಬಿತ್ತು. ಬೇವು ಬೆಲ್ಲ ಕೊಡಲು ಬಂದಿದ್ದ ಪಕ್ಕದ ಮನೆಯ ಪುಟ್ಟಮಲ್ಲಪ್ಪ ಜಗಲಿಯ ಮೇಲೇ ನಿಂತುಬಿಟ್ಟ.

“ಸಿದ್ದಣ್ಣ, ಇದು ಉಚ್ಚು. ನೋಡ್ದೇಟ್ಗೆ ಗೊತ್ತಾಯ್ತದೆ. ಮಕ್ಳುಮರಿ ತಿರ್ಗಾಡೋ ಬೀದಿ ಕಣಪ್ಪ ಇದು.”

“ಹುಚ್ಚಲ್ಲ, ಅವಳಿಗೆ ಜ್ವರ,” ಎಂದಳು ಪವಿತ್ರಾ.

“ಜ್ವರ ಬಂದ್ರೆ ಜೊಲ್ಲು ಸುರೀತದಾ ಕಣವ್ವ?”

ಸಿದ್ದಯ್ಯ ಎದ್ದು ಬಂದು ನಾಯಿಯನ್ನು ನೋಡಿದರು. ಏನೋ ಹೇಳುವವರಂತೆ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು ಒಳಗೆ ಹೋದರು.

ಸಂಜೆ ಎಚ್.ಡಿ. ಕೋಟೆಯಿಂದ ಮಗಳು ಲಕ್ಷ್ಮಿದೇವಿ, ಅಳಿಯ ಕಾಂತರಾಜ್ ಬಂದಿಳಿದರು. ಕಾಂತರಾಜನಿಗೆ ತಿಳಿಯದ ವಿಷಯ ಅಂತ ಈ ಭೂಮಿಯ ಮೇಲೆ ಇರಲಿಲ್ಲ. ಕಾಫಿ ಲೋಟ ಕೆಳಗಿಡುವ ಮುಂಚೆಯೇ ತೀರ್ಪು ಕೊಟ್ಟ.

“ನೋಡಮ್ಮ ಪವಿತ್ರಾ, ಬೇಜಾರ್ ಮಾಡ್ಕೋಬೇಡ. ನಮ್ ಕಡೆ ಇಂಥದ್ನ ಒಂದಿನಾನೂ ಇಟ್ಕೊಳಲ್ಲ. ಬೆಳಿಗ್ಗೆ ಇಬ್ಬರು ಆಳು ಕರ್ಕೊಂಡು ನಾನೇ ಮುಗಿಸ್ತೀನಿ. ನೀನು ನೋಡೋದೂ ಬೇಡ.”

“ಅಣ್ಣ, ನೀವು ಊಟಕ್ಕೆ ಬಂದಿದೀರಿ. ಊಟ ಮಾಡ್ಕೊಂಡು ಹೋಗಿ,” ಎಂದಳು ಪವಿತ್ರಾ.

ಲಕ್ಷ್ಮಿದೇವಿಯ ಮುಖ ಕೆಂಪಾಯಿತು. ಸಾಕಮ್ಮ “ಏನ್ ಮಾತು ಅಂತ ಆಡ್ತೀಯೆ” ಎಂದು ಗದರಿದರು. ಪವಿತ್ರಾ ಎದ್ದು ಹೊರಗೆ ಹೋದಳು. ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಬ್ಯಾರನ್ನಿನೊಳಗೆ ಮಲಗಿಸಿ, ಹೊರಗಿಂದ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಬಾಡೂಟದ ದಿನ. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂಬುದು ಈ ಕಡೆಯ ನಂಬಿಕೆ. ಆದ್ದರಿಂದ ಅವತ್ತು ಯಾರೂ ಜಗಳ ಆಡುವುದಿಲ್ಲ, ಅಳುವುದಿಲ್ಲ, ಆಸ್ಪತ್ರೆಯ ಕಡೆ ತಲೆ ಹಾಕಿ ಮಲಗುವುದೂ ಇಲ್ಲ. ಊರವರೆಲ್ಲ ಕೂಡಿ ಕುರಿ ಕಡಿದು, ಬಾಳೆ ಎಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಯತೀಶ ಏಳು ಗಂಟೆಗೇ ಮನೆಯ ಪಾಲಿನ ಎರಡು ಗುಡ್ಡೆ ತಂದು ಅಡುಗೆಮನೆಯಲ್ಲಿ ಇಟ್ಟ. ಪವಿತ್ರಾ ಮಸಾಲೆ ರುಬ್ಬುವ ಬದಲು ಸೀರೆ ಬದಲಾಯಿಸಿ ಬಂದು ನಿಂತಿದ್ದಳು.

“ಗಾಡಿ ಕೀ ಕೊಡಿ,” ಎಂದಳು.

“ಎಲ್ಲಿಗೆ?”

“ಕೊಪ್ಪಕ್ಕೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೀನಿ, ಬನ್ನಿ ಅಂದವ್ರೆ.”

ಯತೀಶ ಅಂಗಳದ ಕಡೆ ನೋಡಿದ. ಅಲ್ಲಿ ಕಾಂತರಾಜ್, ಪುಟ್ಟಮಲ್ಲಪ್ಪ, ಜೊತೆಗೆ ಇನ್ನೊಬ್ಬ ಆಳು ನಿಂತಿದ್ದರು. ಗೋಡೆಗೆ ಒಂದು ದಪ್ಪ ದೊಣ್ಣೆ ಒರಗಿಸಿತ್ತು.

“ಮನೇಲಿ ನೆಂಟರವ್ರೆ. ಅಬ್ಬ ಮುಗೀಲಿ ಪವಿತ್ರಾ, ನೋಡಣ.”

“ಅಬ್ಬ ಮುಗಿಯೋದ್ರೊಳಗೆ ಅವಳ್ನ ಮುಗಿಸ್ತಾರೆ. ದೊಣ್ಣೆ ಕಾಣಲ್ವಾ ನಿಮಗೆ?”

ಸಾಕಮ್ಮ ಸೌಟು ಹಿಡಿದೇ ಬಂದರು. “ಒಸತೊಡಕಿನ ದಿನ ಆಸ್ಪತ್ರೆ ಮೆಟ್ಲು ಅತ್ತೀಯಾ? ವರ್ಸೆಲ್ಲ ಅದೇ ಆಯ್ತದೆ ಕಣೆ. ಮನೆ ತುಂಬ ಜನ ಇದ್ದೀವಿ, ಯಾರಿಗೆ ಬರ್ಲಿ ಅಂತ ನಿನ್ ಆಸೆ?”

“ಅಜ್ಜಿ, ಹೋದ ಹೊಸತೊಡಕಿಗೆ ಮಟನ್ ತಿಂದ್ವಲ್ಲ, ವರ್ಷ ಎಲ್ಲ ತಿಂದ್ವಾ?” ಎಂದಳು ಚಿನ್ನು.

“ನೀನ್ ಬಾಯ್ ಮುಚ್ಕೊಳೆ.”

ಪವಿತ್ರಾ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು. ಹನ್ನೆರಡು ಮುಗಿದು ಹದಿಮೂರನೆಯ ಹೊಸತೊಡಕು ಅವಳಿಗೆ ಈ ಮನೆಯಲ್ಲಿ. ಹನ್ನೆರಡರಲ್ಲೂ ಒಲೆಯ ಮುಂದೆ ಕೂತು, ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಮೂಳೆ ಸಾರಿನಲ್ಲಿ ಉಂಡವಳು.

“ಹೂಂ ಅತ್ತೆ, ವರ್ಷ ಎಲ್ಲ ಇದೇ ನಡೀಲಿ. ವರ್ಷಕ್ಕೊಂದು ದಿನ ಮಾಡಿದ್ದು ವರ್ಷ ಎಲ್ಲ ನಡೆಯೋದಾದ್ರೆ ಇವತ್ತು ನಾನು ಒಲೆ ಮುಂದೆ ಕೂರಾಕಿಲ್ಲ. ನಮ್ಮವ್ವ ಸಾಕಿದ ಜೀವ ಅದು. ಅದನ್ನ ಹೊಡಿಯಕ್ಕೆ ಬಿಟ್ಟು ಬಾಡು ಬೇಯಿಸಿದ್ರೆ ಅದೂ ವರ್ಷ ಎಲ್ಲ ನಡೀತದೆ.”

“ಗಾಡಿ ಯಾರ್ ಓಡಿಸ್ತಾರೆ?” ಎಂದ ಯತೀಶ. ಅವನಿಗೆ ಇದು ಗೆಲ್ಲುವ ಮಾತು ಅನ್ನಿಸಿತ್ತು.

“ಲೈಸೆನ್ಸ್ ಪೆಟ್ಟಿಗೇಲಿ ಇಡಕ್ಕೆ ಮಾಡಿಸಿದ್ದಲ್ಲ ನಾನು.”

ಅವಳು ಮದುವೆಗೆ ಮುಂಚೆಯೇ ಸಾಲಿಗ್ರಾಮದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಈ ಮನೆಗೆ ಬಂದ ಮೇಲೆ ಅವಳ ಡ್ರೈವಿಂಗು, ಹೊಗೆಸೊಪ್ಪು ಇಳಿಸುವಾಗ ಗಾಡಿಯನ್ನು ಬ್ಯಾರನ್ನಿನ ಬಾಗಿಲಿಗೆ ಹಿಂದಕ್ಕೆ ತೆಗೆದುಕೊಡುವಷ್ಟಕ್ಕೆ ನಿಂತಿತ್ತು. ಊರ ಬೀದಿಯಲ್ಲಿ ಸೊಸೆ ಗಾಡಿ ಓಡಿಸಿದರೆ ಜನ ಏನಂದಾರು ಎಂಬುದು ಸಾಕಮ್ಮನ ಚಿಂತೆ. ಜನ ಏನಂದಾರು ಎಂದು ಯಾರೂ ಜನರನ್ನು ಕೇಳಿ ನೋಡಿರಲಿಲ್ಲ.

ಅಷ್ಟರಲ್ಲಿ ಸಿದ್ದಯ್ಯ ಒಳಗಿಂದ ಬಂದರು. ಮೊಳೆಗೆ ತಗುಲಿಸಿದ್ದ ಗಾಡಿ ಕೀ ತೆಗೆದು ಸೊಸೆಯ ಕೈಗೆ ಇಟ್ಟರು.

“ನಡಿ. ನಾನೂ ಬತ್ತೀನಿ.”

ಹೊಸತೊಡಕಿನ ಬಾಡು ಒಲೆಗೆ ಏರುವ ಹೊತ್ತಿನಲ್ಲಿ ಸಿದ್ದಯ್ಯ ಮನೆ ಬಿಟ್ಟು ಹೊರಟಿದ್ದನ್ನು ಯಾರೂ ಕಂಡಿರಲಿಲ್ಲ. ಕಾಂತರಾಜ್ “ಮಾವ, ಕಚ್ಚಿಗಿಚ್ಚೀತು” ಎಂದ. ಅವರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಪವಿತ್ರಾ ಬ್ಯಾರನ್ನಿನ ಬೀಗ ತೆಗೆದ ಮೇಲೆ, ಗೋಣಿಚೀಲದ ಸಮೇತ ಕೆಂಚಿಯನ್ನು ಎತ್ತಿ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಮಲಗಿಸಿ, ತಾವೂ ಅಲ್ಲೇ ಕೂತರು.

“ಮುಂದೆ ಕೂತ್ಕೊಳಿ ಮಾವ, ಬಿಸ್ಲು.”

“ಬ್ಯಾಡ. ನಾನಿಲ್ಲೇ ಇರ್ತೀನಿ.”

ಅಂಗಳದಲ್ಲಿ ದೊಣ್ಣೆ ಗೋಡೆಗೇ ಒರಗಿತ್ತು. ಪವಿತ್ರಾ ಹಾರನ್ ಒತ್ತಿದಳು. ಮೂವರೂ ದಾರಿ ಬಿಟ್ಟು ಸರಿದರು.

ಹುಣಸೂರಿನಲ್ಲಿ ಮಟನ್ ಅಂಗಡಿಯ ಮುಂದೆ ಸಾಲು ರಸ್ತೆಯವರೆಗೂ ಬಂದಿತ್ತು. ಸಾಲಿನಲ್ಲಿದ್ದ ಗುರುತಿನವರು, ಸಿದ್ದಯ್ಯ ತೊಟ್ಟಿಯಲ್ಲಿ ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನೂ ಸೊಸೆ ಸ್ಟೇರಿಂಗ್ ಹಿಡಿದಿದ್ದನ್ನೂ ಕಣ್ಣು ಬಿಟ್ಟು ನೋಡಿದರು. ಪಿರಿಯಾಪಟ್ಟಣ ದಾಟುವವರೆಗೂ ಪವಿತ್ರಾ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಲೇ ಇದ್ದಳು. ಹೊಟ್ಟೆ ಮೇಲಕ್ಕೂ ಕೆಳಕ್ಕೂ ಆಡುತ್ತಿದೆಯೇ ಎಂಬುದಷ್ಟೇ ಅವಳಿಗೆ ಬೇಕಿತ್ತು. ಆಡುತ್ತಿತ್ತು.

ಕೊಪ್ಪದ ಡಾಕ್ಟರಮ್ಮ ಮಡಿಕೇರಿ ಕಡೆಯವರು, ಚಿಕ್ಕ ವಯಸ್ಸು. ಕೈಗೆ ಗ್ಲೌಸ್ ಹಾಕಿಕೊಂಡು, ಯಾರಿಗಾದರೂ ಕಚ್ಚಿತಾ, ನೀರು ಕುಡಿಯುತ್ತಾ ಎಂದು ಕೇಳಿ, ಹುಚ್ಚಿನ ಇಂಜೆಕ್ಷನ್ ಹಾಕಿಸಿದ ಚೀಟಿ ನೋಡಿದರು. ಒಸಡು, ಕಣ್ಣು ಪರೀಕ್ಷಿಸಲು ಬಗ್ಗಿದವರು ತಟ್ಟನೆ ಮೂಗು ಎತ್ತಿದರು.

“ಈ ನಾಯಿ ಮೈ ಯಾಕೆ ಹೊಗೆಸೊಪ್ಪಿನ ವಾಸನೆ ಹೊಡೀತಾ ಇದೆ?”

ಪವಿತ್ರಾ ಬಗ್ಗಿ ಮೂಸಿದಳು. ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ಅವಳ ಸೀರೆಗೆ, ಮಗಳ ಸ್ಕೂಲ್ ಬ್ಯಾಗಿಗೆ, ಅಕ್ಕಿ ಮೂಟೆಗೆ, ತಲೆದಿಂಬಿಗೆ ಎಲ್ಲಕ್ಕೂ ವರ್ಷವಿಡೀ ಹತ್ತಿಕೊಂಡಿರುವುದು ಆ ವಾಸನೆಯೇ. ಮನೆಯಲ್ಲಿ ಐದು ಜನರ ಮೂಗಿದ್ದೂ ಒಂದಕ್ಕೂ ತಿಳಿದಿರಲಿಲ್ಲ. ಹಾಗೇ ತಲೆ ಎತ್ತಿ ಮಾವನನ್ನು ನೋಡಿದಳು.

“ನಾನೇ ಕಣವ್ವ ಹುಯ್ದಿದ್ದು,” ಎಂದರು ಸಿದ್ದಯ್ಯ. “ಪುಡೀನ ರಾತ್ರಿಯೆಲ್ಲ ನೆನಾಕಿ, ಕುದ್ಸಿ, ಆ ನೀರ್ನಲ್ಲಿ ತೊಳ್ದೆ. ಉಣ್ಣೆ ಸಾಯ್ಲಿ ಅಂತ. ಎತ್ತಿಗೆ ಅಂಗೇ ಮಾಡೋದು.”

“ಎತ್ತಿನ ಅಳತೆಯಲ್ಲಿ ನಾಯಿಗೆ ಹಾಕಿದ್ದೀರಿ,” ಎಂದರು ಡಾಕ್ಟರಮ್ಮ. “ಎತ್ತಿಗೂ ಒಳ್ಳೇದಲ್ಲ ಅದು. ಚರ್ಮದಿಂದ ಒಳಗೆ ಹೋಗುತ್ತೆ. ನಾಯಿ ಮೈ ನೆಕ್ಕುತ್ತೆ, ಹೊಟ್ಟೆಗೂ ಹೋಗುತ್ತೆ. ಇದು ಹುಚ್ಚಲ್ಲ, ವಿಷ. ಮೊದಲು ತೊಳೀಬೇಕು, ಬನ್ನಿ.”

ಸಿದ್ದಯ್ಯ ಪಂಚೆ ಮೇಲೆ ಕಟ್ಟಿ, ಸೋಪು ಹಾಕಿ ಮೂರು ಸಲ ತೊಳೆದರು. ಮೂರನೆಯ ಸಲವೂ ನೀರು ಕಂದು ಬಣ್ಣಕ್ಕೇ ಇಳಿಯಿತು. ಆಮೇಲೆ ಡ್ರಿಪ್ ಹಾಕಿದರು. ಜೊತೆಗೆ ಉಣ್ಣೆಯಿಂದ ಬಂದ ಜ್ವರವೂ ಇದೆ, ಅದಕ್ಕೆ ಇಪ್ಪತ್ತೆಂಟು ದಿನ ತಪ್ಪದೆ ಮಾತ್ರೆ ಕೊಡಬೇಕು, ನಿನ್ನೆ ರಾತ್ರಿ ದಾಟಿದೆಯಲ್ಲ, ಉಳಿಯುತ್ತೆ ಎಂದು ಡಾಕ್ಟರಮ್ಮ ಹೇಳಿದರು.

ಡ್ರಿಪ್ ಇಳಿಯುವವರೆಗೆ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತರು. ಪವಿತ್ರಾ ಮಾವನಿಂದ ದೂರ ಸರಿದು ಕೂತಳು.

“ನೆನ್ನೆ ಮಧ್ಯಾಹ್ನಾನೇ ಗೊತ್ತಾಯ್ತಾ ಮಾವ ನಿಮಗೆ?”

“ಅನುಮಾನ ಬಂತು.”

“ಅವರು ದೊಣ್ಣೆ ತಂದು ಇಡೋಗಂಟ ಯಾಕ್ ಸುಮ್ಕಿದ್ರಿ?”

ಸಿದ್ದಯ್ಯ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. “ನಲವತ್ತು ವರ್ಸದಿಂದ ಈ ಕೈ ನಂಬ್ಕಂಡು ಜನ ದನ ಒಡ್ಕಂಡ್ ಬತ್ತಾರೆ. ನಾನು ನೀರು ಹುಯ್ದು ನಾಯಿ ಸತ್ತೋಯ್ತು ಅಂತ ಎಂಗೆ ಯೋಳ್ಲಿ.”

“ನಿಮ್ಮ ಕೈ ಹೆಸರು ಉಳಿಯಕ್ಕೆ ನಮ್ಮವ್ವನ ನಾಯಿ ಹುಚ್ಚುನಾಯಿ ಅನ್ನಿಸ್ಕೊಂಡು ಸಾಯ್ಬೇಕಿತ್ತಾ?”

ಸಿದ್ದಯ್ಯ ಕೈಗಳನ್ನು ಪಂಚೆಗೆ ಒರೆಸಿಕೊಂಡರು.

“ಊರಿನೋರ ಮುಂದೆ ನೀವೇ ಹೇಳ್ಬೇಕು. ನಾನು ಹೇಳಾಕಿಲ್ಲ. ನಾನ್ ಹೇಳಿದ್ರೆ ಸೊಸೆ ಮಾವನ್ ಮ್ಯಾಲೆ ಹಾಕಿದ್ಲು ಅಂತಾರೆ.”

ಅವರು ಹಿಂದಿರುಗಿದಾಗ ಮೂರು ಗಂಟೆ. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಅಡುಗೆ ಮಾಡಿದ್ದು ಯತೀಶ ಮತ್ತು ಲಕ್ಷ್ಮಿದೇವಿ. ಉಪ್ಪು ಇಬ್ಬರೂ ಹಾಕಿದ್ದರು. ಪವಿತ್ರಾ ಗಾಡಿ ನಿಲ್ಲಿಸುತ್ತಲೇ ಕಾಂತರಾಜ್ ಎಂಜಲು ಕೈಯಲ್ಲೇ ಎದ್ದ.

“ಅದನ್ನ ಇಳಿಸ್ಬೇಡಮ್ಮ. ಮಕ್ಕಳು ಊಟಕ್ಕೆ ಕೂತಿದಾವೆ.”

ಸಿದ್ದಯ್ಯ ತೊಟ್ಟಿಯಲ್ಲೇ ಎದ್ದು ನಿಂತರು. ಅಲ್ಲಿಂದ ಇಡೀ ಪಂಕ್ತಿ ಕಾಣುತ್ತಿತ್ತು.

“ನಾಯ್ಗೆ ಉಚ್ಚಿಲ್ಲ ಕಣ್ರಪ್ಪ. ನಾನೇ ಒಗೆಸೊಪ್ಪಿನ ನೀರು ಹುಯ್ದೆ, ಅದು ವಿಸ ಆಗದೆ. ನೆನ್ನೇನೆ ಯೋಳ್ಬೇಕಿತ್ತು, ಯೋಳ್ಲಿಲ್ಲ. ಇವತ್ತು ಯೋಳ್ತಾ ಇವ್ನಿ.”

ಪುಟ್ಟಮಲ್ಲಪ್ಪ ಎಲೆಯಿಂದ ತಲೆ ಎತ್ತಿದ. “ಸಿದ್ದಣ್ಣ, ಓದ್ ವರ್ಸ ನಮ್ಮ ಎಮ್ಮೆ ಕರ ತೊಳ್ದು ಕಳಿಸಿದ್ಯಲ್ಲ. ಎರಡು ದಿನಕ್ಕೆ ಸತ್ತೋಯ್ತು. ಅದುಕ್ಕೂ ಇದೇ ನೀರಾ?”

“ಇದೇ ನೀರು.”

ಪುಟ್ಟಮಲ್ಲಪ್ಪ ಎದ್ದು, ಕೈ ತೊಳೆದು, ಮನೆಗೆ ಹೊರಟ. ಹೋಗುವಾಗ ಗೋಡೆಗೆ ಒರಗಿಸಿದ್ದ ದೊಣ್ಣೆಯನ್ನು ತೆಗೆದುಕೊಂಡು ಹೋದ. ಅದು ಅವನದೇ. ಸಿದ್ದಯ್ಯ ಕೆಂಚಿಯನ್ನು ಎತ್ತಿಕೊಂಡು ಇಳಿದು, ಪಂಕ್ತಿಯ ಮುಂದೆಯೇ ನಡೆದು ಹೋಗಿ ಜಗಲಿಯ ಮೇಲೆ ಮಲಗಿಸಿದರು.

ಸಾಕಮ್ಮ ಒಂದು ತಟ್ಟೆ ತಂದು ಸೊಸೆಯ ಮುಂದೆ ಇಟ್ಟರು. ಮುದ್ದೆ, ಅದರ ಪಕ್ಕದಲ್ಲಿ ಮೂಳೆಯಿಲ್ಲದ ಒಳ್ಳೆಯ ತುಂಡುಗಳು. “ಉಪ್ಪು ಜಾಸ್ತಿ ಆಗದೆ,” ಎಂದಷ್ಟೇ ಹೇಳಿದರು. ಪವಿತ್ರಾ ಎಲ್ಲರ ಮುಂದೆಯೇ ಕೂತು ಉಂಡಳು.

ಮರುದಿನದಿಂದ ಬೆಳಿಗ್ಗೆ ಮಾತ್ರೆ ಕೊಡುವ ಕೆಲಸವನ್ನು ಸಿದ್ದಯ್ಯ ವಹಿಸಿಕೊಂಡರು. ಮಾತ್ರೆಯನ್ನು ಮುದ್ದೆಯ ತುಣುಕಿನಲ್ಲಿ ಅಡಗಿಸಿ ಬಾಯಿಗೆ ಇಟ್ಟು, ಗಂಟಲು ನೀವಿ, ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ಎತ್ತು ಹೊಡೆದುಕೊಂಡು ಬಂದವರಿಗೆ, “ಉಣಸೂರ್ ಡಾಕ್ಟ್ರಿಗೆ ತೋರ್ಸಿ, ನನ್ ಕೈಲಿ ಆಗಾಕಿಲ್ಲ” ಎನ್ನುತ್ತಿದ್ದರು. ಒಂದು ದಿನ ಪುಟ್ಟಮಲ್ಲಪ್ಪನ ಮನೆಗೆ ಹೋಗಿ ಬಹಳ ಹೊತ್ತು ಕೂತು ಬಂದರು. ಅಲ್ಲಿ ಏನು ಮಾತಾಯಿತೋ ಮನೆಯಲ್ಲಿ ಹೇಳಲಿಲ್ಲ. ಹನ್ನೊಂದನೆಯ ಗೀಟಿನ ದಿನ ಕೆಂಚಿ ತಾನಾಗಿ ಎದ್ದು ತಟ್ಟೆ ನೆಕ್ಕಿತು. ಪವಿತ್ರಾ ಅಡುಗೆಮನೆಯಲ್ಲಿ ಜೋರಾಗಿ ಅತ್ತಳು, ಯಾರಿಗೂ ಮರೆಮಾಚಲಿಲ್ಲ.

ಗಾಡಿ ಕೀ ಮಾತ್ರ ಮೊಳೆಗೆ ವಾಪಸ್ಸು ಹೋಗಲಿಲ್ಲ. ಯತೀಶನಿಗೆ ಒಂದೇ ದಿನ ಎರಡು ಕಡೆ ಬಾಡಿಗೆ ಬಂದಾಗ, ಟೊಮೆಟೊ ಲೋಡನ್ನು ಪವಿತ್ರಾ ಕೆ.ಆರ್. ನಗರಕ್ಕೆ ಹಾಕಿ ಬಂದಳು.

“ಜನ ನಗ್ತಾರೆ ಕಣೆ,” ಎಂದರು ಸಾಕಮ್ಮ.

“ನೀವೇ ಹೇಳಿದ್ದು ಅತ್ತೆ. ಹೊಸತೊಡಕಿನ ದಿನ ಮಾಡಿದ್ದು ವರ್ಷ ಎಲ್ಲ ಮಾಡ್ಬೇಕು ಅಂತ.”

“ಅಡುಗೆ?”

“ಅವತ್ತು ಯಾರು ಮಾಡಿದ್ರು, ಅವರನ್ನ ಕೇಳಿ.”

ಯತೀಶ ಈರುಳ್ಳಿ ಹೆಚ್ಚುತ್ತಿದ್ದವನು ತಲೆ ಎತ್ತದೆ, “ಈಗ ಉಪ್ಪು ಸರಿಯಾಗ್ ಬೀಳ್ತದೆ ಬುಡವ್ವ,” ಎಂದ.

ಇಪ್ಪತ್ತೆಂಟನೆಯ ಗೀಟು ಬಿದ್ದ ದಿನ ಕೆಂಚಿಯನ್ನು ಮತ್ತೆ ಕೊಪ್ಪಕ್ಕೆ ಕರೆದುಕೊಂಡು ಹೋಗಿ ತೋರಿಸಬೇಕಿತ್ತು. ಪವಿತ್ರಾ ಗಾಡಿ ತೆಗೆಯುವಷ್ಟರಲ್ಲಿ ಸಾಕಮ್ಮ ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ಬಂದು ಬಾಗಿಲ ಹತ್ತಿರ ನಿಂತರು.

“ಪಿರಿಯಾಪಟ್ಣದಲ್ಲಿ ಮಂಡಿ ಡಾಕ್ಟ್ರು ಒಬ್ರವ್ರಂತೆ,” ಎಂದರು, ಗಾಡಿಯ ಚಕ್ರವನ್ನು ನೋಡುತ್ತಾ. “ನೀನೆಂಗೂ ಅದೇ ದಾರೀಲಿ ಓಗ್ತೀಯಲ್ಲ.”

“ಆಸ್ಪತ್ರೆ ಮೆಟ್ಲು ಹತ್ತಬಾರದಲ್ವಾ ಅತ್ತೆ?”

“ಬಾಯ್ ಬುಡು. ಬಾಗ್ಲು ತೆಗಿ.”

ಬಾಗಿಲು ತೆಗೆದರೆ ಮುಂದಿನ ಸೀಟಿನಲ್ಲಿ ಕೆಂಚಿ ಆಗಲೇ ಹತ್ತಿ ಕೂತಿತ್ತು. ಸಾಕಮ್ಮ ಅದನ್ನು ನೋಡಿದರು, ಅದು ಸಾಕಮ್ಮನನ್ನು ನೋಡಿತು. ಇಬ್ಬರೂ ಜಾಗ ಬಿಡುವ ಲಕ್ಷಣ ಕಾಣಲಿಲ್ಲ.

“ಕೆಂಚಿ, ಸರ್ಕೊಳೆ ಅತ್ಲಾಗೆ,” ಎಂದರು ಸಾಕಮ್ಮ.

ಕೆಂಚಿ ಸ್ವಲ್ಪ ಸರಿಯಿತು. ಸಾಕಮ್ಮ ಮಂಡಿ ಹಿಡಿದುಕೊಂಡು ಹತ್ತಿ ಅದರ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು, ಬೀದಿಯಲ್ಲಿ ನಿಂತು ನೋಡುತ್ತಿದ್ದವರನ್ನು ತಾವೂ ನೋಡಿದರು. ಪವಿತ್ರಾ ಗಾಡಿ ಎತ್ತಿದಳು. ವರ್ಷ ಮುಗಿಯಲು ಇನ್ನೂ ಹನ್ನೊಂದು ತಿಂಗಳಿತ್ತು.